'ತಿಳಿಯದು, ನೋಡೋಣ' ಎನ್ನುವ ಗುರು

ಈ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳನ್ನು ಕುರಿತು ನಮ್ಮ ವೈದ್ಯ ಬಂಧುಗಳು ಬರೆಯುತ್ತಿರುವಾಗ, ಎರಡು ದಶಕಗಳಿಗೂ ಮಿಕ್ಕ ಕಾಲವನ್ನು ಬ್ಯಾಂಕಿನ ಲೆಕ್ಕಪತ್ರಗಳ ಸಹವಾಸದಲ್ಲಿಯೇ ಕಳೆದ ವಾಣಿಜ್ಯ ಪದವೀಧರನೊಬ್ಬನು ಆ ವಿಷಯಗಳಿಗೆ ಕೈಹಾಕುವುದು ಉಚಿತವಲ್ಲ. ಆದರೆ ವೈದ್ಯವೃತ್ತಿಯ ಒಂದು ಸದಭ್ಯಾಸವನ್ನು ವಾಚಕರ ಗಮನಕ್ಕೆ ತಂದು, ಅದು ನಮ್ಮ ಶಾಲೆಗಳಿಗೂ ಮನೆಗಳಿಗೂ ಏಕೆ ಬರಲಿಲ್ಲವೆಂದು ವಿಚಾರಿಸುವ ಇಚ್ಛೆ ನನ್ನದು.

ಜ್ವರ ಬಂದು ಮೂರು ದಿನವಾದರೂ ಇಳಿಯದಿದ್ದಾಗ ವೈದ್ಯರು ಒಂದು ಚೀಟಿ ಬರೆದು, "ರಕ್ತ ಪರೀಕ್ಷೆ ಮಾಡಿಸಿಕೊಂಡು ನಾಳೆ ಬನ್ನಿ" ಎನ್ನುತ್ತಾರೆ. ಈ ಮಾತಿನ ತಾತ್ಪರ್ಯವೇನು? 'ಇದು ಏನೆಂದು ನನಗಿನ್ನೂ ತಿಳಿಯದು, ತಿಳಿಯುವ ದಾರಿ ಇದು' ಎಂದಷ್ಟೇ. ಆ ಅಜ್ಞಾನದ ನಿವೇದನೆಗೆ ನಾವು ವೈದ್ಯರಿಗೂ ಪ್ರಯೋಗಾಲಯಕ್ಕೂ ಹಣ ತೆತ್ತು ಬರುತ್ತೇವೆ. ವೈದ್ಯರು ದಡ್ಡರೆಂದು ಯಾರೂ ಭಾವಿಸುವುದಿಲ್ಲ. ನಾಡಿ ಹಿಡಿಯುವ ಮುನ್ನವೇ ರೋಗದ ಹೆಸರು ಹೇಳಿಬಿಡುವವರನ್ನು ಕಂಡರೇ ನಮಗೆ ಸಂದೇಹ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರಿಗೂ ಉಗ್ರ ಜ್ವರ ಬಂದಾಗ, ಅದಕ್ಕೆ ಹೆಸರಿಡಬಲ್ಲ ವೈದ್ಯರು ಒಬ್ಬರೂ ಇರಲಿಲ್ಲ. ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಬಂದಿತೋ ಎಂಬ ಶಂಕೆಯೂ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಕಾಡಿಗೇ ಹೋಗಿ, ಸತ್ತ ಮಂಗಗಳನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿ, ಇದು ಹೊಸದೊಂದು ವೈರಾಣುವಿನ ಕಾರ್ಯವೆಂದೂ ಅದನ್ನು ಹರಡುವುದು ಉಣುಗೆಂದೂ ಕಂಡುಹಿಡಿದರು. ನಾವು 'ಮಂಗನ ಕಾಯಿಲೆ' ಎನ್ನುವ ಅದಕ್ಕೆ ಲೋಕದ ವೈದ್ಯಗ್ರಂಥಗಳಲ್ಲಿ ಇಂದಿಗೂ ಕ್ಯಾಸನೂರಿನದೇ ಹೆಸರು. ತಿಳಿದವರಂತೆ ಯಾರಾದರೂ ಅಂದೇ ಒಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರೆ ಈ ಶೋಧ ನಡೆಯುತ್ತಿರಲಿಲ್ಲ.

ವೈದ್ಯರಿಗೆ ಕೊಟ್ಟ ಈ ಸೌಲಭ್ಯವನ್ನು ನಾವು ಶಿಕ್ಷಕರಿಗೆ ಕೊಟ್ಟಿಲ್ಲ. ಗಂಟೆ ಬಾರಿಸಿದೊಡನೆ ತರಗತಿಯನ್ನು ಪ್ರವೇಶಿಸುವ ಅಧ್ಯಾಪಕರ ಬಳಿ ಸಕಲ ಉತ್ತರಗಳೂ ಸಿದ್ಧವಾಗಿರಬೇಕೆಂಬುದು ಮಕ್ಕಳ, ಪಾಲಕರ ಹಾಗೂ ಮುಖ್ಯೋಪಾಧ್ಯಾಯರ ಒಮ್ಮತದ ನಿರೀಕ್ಷೆ. ಉತ್ತರ ಇಲ್ಲದಾಗ ಆಶ್ರಯಿಸಲು ಪರಂಪರಾಗತವಾಗಿ ಬಂದ ಮಾತುಗಳಿವೆ: 'ಅದು ಪರೀಕ್ಷೆಗೆ ಬರುವುದಿಲ್ಲ', 'ಅದು ಮುಂದಿನ ತರಗತಿಯ ಪಾಠ', ಎಲ್ಲಕ್ಕಿಂತ ಮಿಗಿಲಾಗಿ 'ಅಧಿಕಪ್ರಸಂಗ ಮಾಡಬೇಡ'. ಹೆಚ್ಚು ಕೇಳುವವನಿಗೆ ಅಧಿಕಪ್ರಸಂಗಿ ಎಂಬ ಬಿರುದು ಕೊಟ್ಟ ನಮ್ಮ ನುಡಿಯಲ್ಲಿ, ಏನನ್ನೂ ಕೇಳದೆ ಕುಳಿತವನನ್ನು ಗದರಿಸಲು ತಕ್ಕ ಬೈಗುಳವೊಂದಿಲ್ಲವೆಂಬುದು ವಿಚಾರಾರ್ಹ.

ಇದು ನಮ್ಮ ಪ್ರಾಚೀನ ಗುರುಪರಂಪರೆಯಿಂದ ಬಂದದ್ದೆಂದು ಹೇಳುವವರುಂಟು. ಅವರು ಉದ್ದಾಲಕ ಆರುಣಿಯ ಕಥೆಯನ್ನು ಮತ್ತೊಮ್ಮೆ ಓದಬೇಕು. ಛಾಂದೋಗ್ಯ, ಬೃಹದಾರಣ್ಯಕ ಎರಡರಲ್ಲಿಯೂ ಬರುವ ವೃತ್ತಾಂತವದು. ಆರುಣಿಯ ಮಗನಾದ ಶ್ವೇತಕೇತು, ತಂದೆಯಿಂದ ಸಕಲವನ್ನೂ ಕಲಿತೆನೆಂಬ ಹೆಮ್ಮೆಯಿಂದ ಪಾಂಚಾಲರ ಸಭೆಗೆ ಹೋದಾಗ, ರಾಜನಾದ ಪ್ರವಾಹಣ ಜೈವಲಿಯು ಕೇಳಿದ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಅವನಿಂದ ಉತ್ತರ ಹೊರಡಲಿಲ್ಲ. ಅಪಮಾನಗೊಂಡು ಮನೆಗೆ ಬಂದ ಮಗನು, ಎಲ್ಲವನ್ನೂ ಕಲಿಸಿದೆನೆಂದು ನೀನು ಹೇಳಿದ್ದು ಹೇಗೆಂದು ತಂದೆಯನ್ನೇ ಆಕ್ಷೇಪಿಸುತ್ತಾನೆ. ತಂದೆ ಗದರಿಸುವುದಿಲ್ಲ. ಆ ಐದರಲ್ಲಿ ತನಗೂ ಒಂದೂ ತಿಳಿಯದೆಂದೂ, ತಿಳಿದಿದ್ದರೆ ಮಗನಿಗೆ ಹೇಳದೆ ಇರುತ್ತಿರಲಿಲ್ಲವೆಂದೂ ನುಡಿದು, ಅದೇ ರಾಜನ ಬಳಿಗೆ ತಾನೇ ಶಿಷ್ಯನಾಗಿ ಹೊರಡುತ್ತಾನೆ. ಬೃಹದಾರಣ್ಯಕದಲ್ಲಿ ಒಂದು ಸ್ವಾರಸ್ಯವಿದೆ. 'ಇಬ್ಬರೂ ಹೋಗೋಣ' ಎಂದು ತಂದೆ ಕರೆದರೆ, ಮಗನು 'ನೀನೇ ಹೋಗು' ಎಂದುಬಿಡುತ್ತಾನೆ! ಪ್ರಾಯದ ಮಕ್ಕಳಿರುವ ಯಾವ ಡೊಂಬಿವಲಿಯ ತಂದೆಗೂ ಈ ಮಾತು ಹೊಸದಾಗಿ ಕೇಳಿಸದು.

ಈಗ ನಮ್ಮ ಪ್ರದೇಶಕ್ಕೇ ಬರೋಣ. ಕಲ್ಯಾಣದಲ್ಲಿ ರವಿವಾರ ನಡೆಯುವ ಒಂದು ಪುಟ್ಟ ಕನ್ನಡ ವರ್ಗವನ್ನು ನಾನು ಬಲ್ಲೆ. ಕಲಿಸುವವರು ಚಿಕ್ಕಮಗಳೂರಿನ ಕಡೆಯಿಂದ ಬಂದ ಓರ್ವ ಗೃಹಿಣಿ. ಶಿಕ್ಷಕಿಯಾಗಿ ತರಬೇತಿ ಪಡೆದವರಲ್ಲ. ಒಮ್ಮೆ ಬಸವಣ್ಣನವರ ಪಾಠ ನಡೆದಿದ್ದಾಗ ಆರನೆಯ ಇಯತ್ತೆಯ ಹುಡುಗನೊಬ್ಬನು, "ಟೀಚರ್, ಬಸವಣ್ಣ ಇದ್ದ ಕಲ್ಯಾಣ ಇದೇನಾ? ಸ್ಟೇಷನ್ನಿನ ಯಾವ ಕಡೆ ಇತ್ತು ಅವರ ಮನೆ?" ಎಂದು ಕೇಳಿದನು. ಉಳಿದ ಮಕ್ಕಳು ನಕ್ಕರು. ಆಕೆ ನಗಲಿಲ್ಲ. "ಇದಲ್ಲ, ಆ ಕಲ್ಯಾಣ ಬೀದರ ಜಿಲ್ಲೆಯಲ್ಲಿದೆ ಎಂದು ಕೇಳಿದ್ದೇನೆ. ಆದರೆ ಈ ಕಲ್ಯಾಣ ಯಾವುದು, ಎಷ್ಟು ಹಳೆಯದು, ಇದಕ್ಕೂ ಅದೇ ಹೆಸರು ಏಕೆ, ನನಗೆ ತಿಳಿಯದು. ಬರುವ ರವಿವಾರದೊಳಗೆ ನೋಡೋಣ" ಎಂದು ಹೇಳಿ, ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು, ಕೆಳಗೆ ತಾರೀಖು ಹಾಕಿದರು.

ಆ ವಾರ ನಡೆದದ್ದು ಹೀಗೆ. ಕಲ್ಯಾಣದ ಸಾರ್ವಜನಿಕ ವಾಚನಾಲಯವು 1864ರಲ್ಲಿ ಸ್ಥಾಪಿತವಾದದ್ದು. ಅದರ ಮುಂದಿನಿಂದಲೇ ವರ್ಷಗಟ್ಟಲೆ ಓಡಾಡುವ ನಮ್ಮವರಲ್ಲಿ ಒಳಗೆ ಕಾಲಿಟ್ಟವರು ವಿರಳ. ಆಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರು. ಸಿಕ್ಕ ಇತಿಹಾಸ ಗ್ರಂಥ ಮರಾಠಿಯದು. ಹಿಂದಿ ಕಲಿತಿದ್ದ ಆಕೆಗೆ ಲಿಪಿ ಓದಬರುತ್ತಿತ್ತು, ಅರ್ಥ ಪೂರ್ತಿ ಆಗುತ್ತಿರಲಿಲ್ಲ. ಶಾಲೆಯಲ್ಲಿ ಮರಾಠಿ ಕಲಿಯುವ ಆ ಹುಡುಗನೇ ಓದಿ ಅರ್ಥ ಹೇಳಿದನು. ಆಕೆ ಅದನ್ನು ಕನ್ನಡದಲ್ಲಿ ಬರೆದುಕೊಂಡರು. ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ ಠಾಣಾ ಸಂಪುಟ 1882ರ ಇಂಗ್ಲಿಷಿನಲ್ಲಿದೆ. ಅದನ್ನು ಓದಿ ಹೇಳಿದವರು ಆಕೆಯ ಯಜಮಾನರು.

ಮುಂದಿನ ರವಿವಾರ ಮಕ್ಕಳಿಗೆ ದೊರೆತ ಉತ್ತರ ಕೇಳಿದ ಪ್ರಶ್ನೆಗಿಂತ ದೊಡ್ಡದಾಗಿತ್ತು. ಬಸವಣ್ಣನವರ ಕಲ್ಯಾಣ ಇಂದಿನ ಬಸವಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನ ಕಾಲಕ್ಕೆ ರಾಜಧಾನಿಯಾಗಿ ಮೆರೆದದ್ದು, ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕೈಸೇರಿದ್ದು. ಉಲ್ಲಾಸ ನದಿಯ ಮೇಲಿನ ನಮ್ಮ ಈ ಕಲ್ಯಾಣವಾದರೋ ಅದಕ್ಕೂ ಸಾವಿರ ವರ್ಷ ಹಿಂದೆಯೇ ಹೆಸರಾಂತ ಬಂದರು. ಬೋರಿವಲಿಯ ಬಳಿಯ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ 'ಕಲಿಯಾಣ'ದ ವ್ಯಾಪಾರಿಗಳು ಕೊಟ್ಟ ದಾನಗಳು ದಾಖಲಾಗಿವೆ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದ 'ಪೆರಿಪ್ಲಸ್' ಎಂಬ ಗ್ರಂಥದಲ್ಲಿಯೂ ಇದರ ಹೆಸರಿದೆ. ಒಂದು ಕಾಲಕ್ಕೆ ಮುಕ್ತವಾಗಿದ್ದ ಈ ಪೇಟೆಗೆ ಆಮೇಲೆ ನಿರ್ಬಂಧ ಬಿದ್ದು, ತಪ್ಪಿ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರಂತೆ. ಇದನ್ನು ಕೇಳಿದ ಮಕ್ಕಳು ಆ ದಿನ ಮನೆಗೆ ಹೋಗಲು ಒಪ್ಪಲಿಲ್ಲವೆಂದು ಆಕೆ ಹೇಳಿದರು. ಎರಡೂರಿಗೂ ಒಂದೇ ಹೆಸರು ಏಕೆಂಬ ಪ್ರಶ್ನೆ ಮಾತ್ರ ಅಳಿಸದೆ ಹಲಗೆಯ ಮೂಲೆಯಲ್ಲಿಯೇ ಉಳಿಯಿತು, ತಾರೀಖಿನ ಸಮೇತ.

ಆ ತಾರೀಖು ಹಾಕುವ ಕ್ರಮವೇ ನನ್ನ ವೃತ್ತಿಮನಸ್ಸಿಗೆ ಅತ್ಯಂತ ಹಿಡಿಸಿದ್ದು. ಬ್ಯಾಂಕಿನಲ್ಲಿ 'ಸಸ್ಪೆನ್ಸ್ ಖಾತೆ' ಎಂದು ಒಂದಿದೆ. ಒಂದು ರಕಮು ಯಾವ ಬಾಬತ್ತಿನದೆಂದು ಆ ಕ್ಷಣಕ್ಕೆ ತಿಳಿಯದಿದ್ದಾಗ, ಅದನ್ನು ಅಂದಾಜಿನ ಮೇಲೆ ಯಾವುದೋ ಖಾತೆಗೆ ತುರುಕುವುದು ಅಪರಾಧ, ಸಸ್ಪೆನ್ಸಿನಲ್ಲಿಡುವುದು ಪ್ರಾಮಾಣಿಕತೆ. ಆದರೆ ಅಲ್ಲಿಟ್ಟ ನಮೂದನ್ನು ಶೋಧಿಸಿ ಸಕಾಲದಲ್ಲಿ ಸರಿಯಾದ ಖಾತೆಗೆ ಸೇರಿಸಲೇಬೇಕು. ತಿಂಗಳುಗಟ್ಟಲೆ ಅದು ಅಲ್ಲಿಯೇ ಕೊಳೆಯುತ್ತಿದ್ದರೆ ಲೆಕ್ಕ ತಪಾಸಣೆಗೆ ಬಂದವರ ಕೆಂಪುಶಾಯಿ ಮೊದಲು ಬೀಳುವುದೇ ಅದರ ಮೇಲೆ. ಶಿಕ್ಷಕರ 'ನನಗೆ ತಿಳಿಯದು' ಎಂಬ ಮಾತೂ ಇಂಥದೇ ನಮೂದು. ವಾಯಿದೆಯಿಲ್ಲದ 'ತಿಳಿಯದು' ಬರಿಯ ಸೋಮಾರಿತನ, ವಾಯಿದೆಯುಳ್ಳದ್ದು ಪಾಠ. ಮುಂದಿನ ರವಿವಾರ ಆಕೆ ಬರಿಗೈಯಲ್ಲಿ ಬಂದಿದ್ದರೆ ಹಿಂದಿನ ರವಿವಾರದ ಸತ್ಯವಚನಕ್ಕೆ ಮಕ್ಕಳ ಎದುರಿಗೆ ಕಾಸಿನ ಬೆಲೆಯೂ ಇರುತ್ತಿರಲಿಲ್ಲ.

ಒಬ್ಬಿಬ್ಬರು ಉತ್ಸಾಹಿಗಳಿಂದ ರವಿವಾರದ ವರ್ಗದಲ್ಲಿ ಇದು ಸಾಧ್ಯವಾಗಬಹುದು, ಸರಕಾರಿ ಶಾಲೆಗಳಲ್ಲಿ ಸಾಧ್ಯವೇ ಎಂದು ಕೇಳಬಹುದು. ಸಾಧ್ಯವೆಂದು ಮೂವತ್ತು ವರ್ಷ ತೋರಿಸಿಕೊಟ್ಟ ಪ್ರಯೋಗವೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಇಂದಿನ ನರ್ಮದಾಪುರಂ) 16 ಶಾಲೆಗಳಲ್ಲಿ 1972ರಲ್ಲಿ, ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ ಅದು ಆರಂಭವಾಯಿತು. ಆರಂಭಿಸಿದವರು 'ಕಿಶೋರ ಭಾರತಿ' ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರಿನವರು. ಕಿಶೋರ ಭಾರತಿಯನ್ನು ಕಟ್ಟಿದ ಅನಿಲ ಸದ್ಗೋಪಾಲರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಹೋದ ವಿಜ್ಞಾನಿ. 1978ರಲ್ಲಿ ಪ್ರಯೋಗ ಇಡೀ ಜಿಲ್ಲೆಗೆ ವಿಸ್ತರಿಸಿತು. 1982ರಲ್ಲಿ ಹುಟ್ಟಿದ 'ಏಕಲವ್ಯ' ಸಂಸ್ಥೆ ಅದನ್ನು ಮುಂದುವರಿಸಿತು.

ಅಲ್ಲಿನ ಕ್ರಮ ವಿಲಕ್ಷಣವಾಗಿತ್ತು. 'ಬಾಲ ವೈಜ್ಞಾನಿಕ' ಎಂಬ ಪುಸ್ತಕದಲ್ಲಿ ಉತ್ತರಗಳಿಗಿಂತ ಮಾಡಿ ನೋಡಬೇಕಾದ ಕೆಲಸಗಳೇ ಹೆಚ್ಚು. ಮಕ್ಕಳು ಗುಂಪು ಗುಂಪಾಗಿ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಆಮೇಲೆ ಚರ್ಚಿಸುವರು. ಪರೀಕ್ಷೆಗೆ ಪುಸ್ತಕ ಒಯ್ಯಲು ಅನುಮತಿಯಿತ್ತು! ಇಂಥ ತರಗತಿಯಲ್ಲಿ ಮಾಸ್ತರರು ಸರ್ವಜ್ಞರಾಗಿ ನಿಲ್ಲುವುದು ಅಶಕ್ಯ. ಅದನ್ನು ಬಲ್ಲ ಸಂಘಟಕರು ಎರಡು ಏರ್ಪಾಡು ಮಾಡಿದ್ದರು. ಒಂದು, ಶಿಕ್ಷಕರ ಮಾಸಿಕ ಸಭೆ. ತರಗತಿಯಲ್ಲಿ ತಮ್ಮನ್ನು ಕಾಡಿದ ಪ್ರಶ್ನೆಗಳನ್ನು ಅವರು ಅಲ್ಲಿಗೆ ಹೊತ್ತು ತರುತ್ತಿದ್ದರು. ಇನ್ನೊಂದು, 'ಸವಾಲೀರಾಮ' ಎಂಬ ಕಲ್ಪಿತ ವ್ಯಕ್ತಿ; ಯಾವ ಮಗುವಾದರೂ ಯಾವ ಪ್ರಶ್ನೆಯನ್ನಾದರೂ ಅವನಿಗೆ ಕಾಗದ ಬರೆದು ಕೇಳಬಹುದಾಗಿತ್ತು, ಉತ್ತರ ಬರುತ್ತಿತ್ತು. ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೂ ಬಂದು ಹಳ್ಳಿಯ ಮಾಸ್ತರರೊಡನೆ ನೆಲದ ಮೇಲೆ ಕುಳಿತು ಪ್ರಯೋಗ ಮಾಡಿದರು. 2002ರಲ್ಲಿ ರಾಜ್ಯ ಸರಕಾರವು ಇದನ್ನು ನಿಲ್ಲಿಸಿತು. ಸಾವಿರಾರು ಸಾಮಾನ್ಯ ಮಾಸ್ತರರು ಈ ದಾರಿಯಲ್ಲಿ ನಡೆದದ್ದನ್ನು ಮಾತ್ರ ಯಾವ ಆದೇಶವೂ ಅಳಿಸಲಾರದು.

ಅಷ್ಟು ದೂರವೇಕೆ? ವಾಶಿಯಿಂದ ಖಾಡಿಯ ಸೇತುವೆ ದಾಟಿದರೆ ಸಿಗುವ ಮಾನ್‌ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಮಕ್ಕಳು ವಿಜ್ಞಾನವನ್ನು ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನೇ ಸಂಶೋಧಿಸಲು 1974ರಲ್ಲಿ ಹುಟ್ಟಿದ ಸಂಸ್ಥೆಯದು. ನವಿಮುಂಬಯಿಯ ನಮ್ಮ ಬಂಧುಗಳು ಪ್ರತಿದಿನ ಅದರ ಸಮೀಪದಿಂದಲೇ ರೈಲಿನಲ್ಲಿ ಹಾದುಹೋಗುತ್ತಾರೆ. ಕನ್ನಡ ನಾಡಿನಲ್ಲಿ ಈ ಮನೋಧರ್ಮಕ್ಕೆ ಹೆಸರಾದವರು ಎಚ್. ನರಸಿಂಹಯ್ಯನವರು. ಬೆಂಗಳೂರು ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದನ್ನು ಅವರು ಜೀವನವ್ರತವನ್ನಾಗಿಸಿಕೊಂಡರು. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಸಾಮಾನ್ಯ ಶ್ರೋತೃಗಳು ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಎದುರೆದುರೇ ಕೇಳುವಂತಾಯಿತು. ನಮ್ಮಂತೆಯೇ ಹೊರನಾಡಿನಲ್ಲಿ ಬಾಳಿದ ಬಿ.ಜಿ.ಎಲ್. ಸ್ವಾಮಿಯವರನ್ನೂ ಇಲ್ಲಿ ನೆನೆಯಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಆ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಕಾಡುಗಳನ್ನು ಅಲೆದರು. ಆ ಅಲೆದಾಟದ ಕಥನವಾದ 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅರುವತ್ತು ಮಕ್ಕಳ ತರಗತಿ, ಮುಗಿಸಲೇಬೇಕಾದ ಪಾಠಕ್ರಮ, ಮೇಲೆ ಜನಗಣತಿ-ಚುನಾವಣೆಗಳ ಕೆಲಸ. ಇವುಗಳ ನಡುವೆ ಪ್ರಶ್ನೆಯ ಬೆನ್ನುಹತ್ತಿ ವಾಚನಾಲಯಕ್ಕೆ ಹೋಗಲು ಶಿಕ್ಷಕರಿಗೆ ಬಿಡುವೆಲ್ಲಿ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಪ್ರತಿಯೊಂದು ಪ್ರಶ್ನೆಯನ್ನೂ ಬೆನ್ನಟ್ಟಬೇಕೆಂದು ನಾನು ಹೇಳಲಾರೆ. ತಿಂಗಳಿಗೊಂದಾದರೂ ಸಾಕು. ಮಕ್ಕಳು ನೋಡಬೇಕಾದದ್ದು ದೊಡ್ಡವರು ಹುಡುಕುವ ರೀತಿಯನ್ನು; ಅದನ್ನು ವರ್ಷಕ್ಕೆ ಹತ್ತು ಸಲ ಕಂಡ ಮಗುವಿಗೆ ಹನ್ನೊಂದನೆಯದನ್ನು ತಾನೇ ಹುಡುಕುವ ಧೈರ್ಯ ಬರುತ್ತದೆ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಉತ್ತರ ಸಿಗುವಾಗ ಈ ಶ್ರಮವೇಕೆ ಎನ್ನುವವರಿಗೂ ಇದೇ ಉತ್ತರ. ಮೊಬೈಲು ಉತ್ತರ ಕೊಡುತ್ತದೆ ನಿಜ. ಅದು ಹೇಳಿದ್ದು ಸರಿಯೇ ಎಂದು ಇನ್ನೊಂದು ಕಡೆ ತಾಳೆ ನೋಡುವ ಚಾಳಿಯನ್ನು ಕಲಿಸಲು ಹತ್ತಿರದಲ್ಲಿ ಮನುಷ್ಯರೊಬ್ಬರು ಬೇಕು.

ಹೊರನಾಡ ಕನ್ನಡಿಗರಿಗೆ ಈ ವಿಷಯ ಇತರರಿಗಿಂತ ಹೆಚ್ಚು ಹತ್ತಿರದ್ದೆಂದು ನಾನು ಭಾವಿಸಲು ಕಾರಣವಿದೆ. ನಮ್ಮಲ್ಲಿ ಹಲವರು ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಮಕ್ಕಳು ಓದುವುದು ಇಂಗ್ಲಿಷಿನಲ್ಲಿ, ಆಡುವುದು ಮರಾಠಿ-ಹಿಂದಿಯಲ್ಲಿ. ಐದನೆಯ ಇಯತ್ತೆಯವರೆಗೆ ಹೇಗೋ ಸಾಗುತ್ತದೆ; ಅನಂತರ ಮಗುವಿನ ಪ್ರಶ್ನೆಗೆ ಉತ್ತರಿಸಲಾಗದ ತಂದೆ-ತಾಯಿ ಸಂಕೋಚದಿಂದಲೋ ಆಯಾಸದಿಂದಲೋ ಅದನ್ನು ಟ್ಯೂಷನ್ ಕ್ಲಾಸಿನವರಿಗೆ ವಹಿಸಿಕೊಡುತ್ತಾರೆ. ಮಗು ಮನೆಯಲ್ಲಿ ಕೇಳುವುದನ್ನು ಬಿಡುತ್ತದೆ. ಕ್ರಮೇಣ ಕನ್ನಡವು ಊಟಕ್ಕೆ ಕರೆಯುವ, ಬೇಗ ಏಳೆಂದು ಗದರಿಸುವ ಭಾಷೆಯಾಗಿ ಉಳಿದು, ಯೋಚಿಸುವ, ಹುಡುಕುವ ಭಾಷೆ ಬೇರೆಯಾಗುತ್ತದೆ. ಭಾಷೆ ಉಳಿಯಲಿಲ್ಲವೆಂದು ನಾವು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲಿ ಮರುಗುತ್ತೇವೆ; ಅದು ಮನೆಯಿಂದ ಹೊರಟುಹೋದ ಘಳಿಗೆ ಮಾತ್ರ ನಮ್ಮ ಲಕ್ಷ್ಯಕ್ಕೆ ಬಂದಿರುವುದಿಲ್ಲ.

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ವಾಶಿಯ ನಿವಾಸಿಗಳು. ಮಗಳ ಶಾಲೆ ಚೆಂಬೂರಿನಲ್ಲಿ. ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಇಬ್ಬರೂ ಒಂದೇ ಗಾಡಿಯಲ್ಲಿ ಖಾಡಿಯನ್ನು ದಾಟುತ್ತಾರೆ. "ಅಪ್ಪಾ, ಹೋದ ವಾರ ಇದೇ ಹೊತ್ತಿಗೆ ನೀರು ತುಂಬಿತ್ತು. ಇವತ್ತು ನೋಡಿದರೆ ಬರೀ ಕೆಸರು. ಯಾಕೆ?" ಎಂದು ಆಕೆ ಕೇಳಿದಳು. ಸಮುದ್ರದ ಭರತ-ಇಳಿತವೆಂದು ಅವರಿಗೆ ಗೊತ್ತು. ಆದರೆ ಒಂದೇ ವೇಳೆಗೆ ಒಂದು ವಾರ ಹಾಗೆ, ಇನ್ನೊಂದು ವಾರ ಹೀಗೆ ಏಕೆ? ಶಾಲೆಯಲ್ಲಿ ಕೇಳಿದ್ದಕ್ಕೆ ಅದು ಈ ವರ್ಷದ ಪಾಠದಲ್ಲಿಲ್ಲವೆಂಬ ಉತ್ತರ ಬಂದಿತ್ತು. "ನನಗೂ ತಿಳಿಯದು ಮಗಳೇ, ಬರೆದಿಟ್ಟು ನೋಡೋಣ" ಎಂದರು ತಂದೆ. ಅಡುಗೆಮನೆಯ ಗೋಡೆಯ ಮೇಲೆ ತೂಗುವ 'ಕಾಲನಿರ್ಣಯ' ಕ್ಯಾಲೆಂಡರಿನ ಪ್ರತಿ ತಾರೀಖಿನ ಮೂಲೆಯಲ್ಲಿ ಆ ಹುಡುಗಿ ಆ ದಿನ ಕಂಡದ್ದನ್ನು ಬರೆಯತೊಡಗಿದಳು: ನೀರಿದ್ದರೆ 'ನೀ', ಕೆಸರಿದ್ದರೆ 'ಕೆ', ನಡುವೆ ಇದ್ದರೆ ಒಂದು ಗೆರೆ. ರವಿವಾರ ಖಾಲಿ.

ಎರಡು ತಿಂಗಳಾದ ಮೇಲೆ ನೋಡಿದರೆ, ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲೆಲ್ಲ 'ಕೆ', ಎರಡೂ ಅಷ್ಟಮಿಗಳ ಆಸುಪಾಸಿನಲ್ಲಿ 'ನೀ'. ತಿಥಿ ಅದೇ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು. ಇಷ್ಟು ದಿನ ಸಂಕಷ್ಟಿ-ಏಕಾದಶಿಗಳಿಗಾಗಿ ಮಾತ್ರ ಅದನ್ನು ನೋಡುತ್ತಿದ್ದರು. ಭರತದ ವೇಳೆ ಪತ್ರಿಕೆಗಳಲ್ಲಿ ಪ್ರಕಟವಾಗುವುದನ್ನು ತಂದೆ ತೋರಿಸಿದಾಗ, ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುವುದೆಂದು ಮಗಳು ಲೆಕ್ಕ ಹಾಕಿದಳು. ಹದಿನೈದು ದಿನಕ್ಕೆ 750 ನಿಮಿಷ, ಅಂದರೆ ಹನ್ನೆರಡೂವರೆ ತಾಸು. ಒಂದು ಭರತದಿಂದ ಇನ್ನೊಂದು ಭರತಕ್ಕಿರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದಲೇ ಪಕ್ಷಕ್ಕೊಮ್ಮೆ ಅದೇ ವೇಳೆಗೆ ಅದೇ ನೀರು. ಬ್ಯಾಂಕಿನಲ್ಲಿ ಬಾಕಿ ತಾಳೆಯಾದಾಗ ಆಗುವ ಸಂತೋಷ ತಮಗೆ ಆ ಸಂಜೆ ಮನೆಯಲ್ಲಿಯೇ ಆಯಿತೆಂದು ಮಿತ್ರರು ಹೇಳಿದರು.

ಈ ಎರಡು ತಿಂಗಳ ಮಾತೆಲ್ಲ ನಡೆದದ್ದು ಕನ್ನಡದಲ್ಲಿ. ಭರತ, ಇಳಿತ, ಪಾಡ್ಯ, ಬಹುಳ, ಪಕ್ಷ ಎಂಬ ಮಾತುಗಳೆಲ್ಲ ಆ ಹುಡುಗಿಗೆ ಬಳಕೆಗೆ ಬಂದವು. ಗಂಗೊಳ್ಳಿಯಲ್ಲಿರುವ ಅಜ್ಜನಿಗೆ ಫೋನು ಮಾಡಿ ತನ್ನ ಶೋಧವನ್ನು ವರದಿ ಮಾಡಿದಳು. ತಿಥಿ ನೋಡಿ ನೀರಿನ ವೇಳೆ ಹೇಳುವುದು ಕಡಲಿನವರಾದ ಅವರಿಗೆ ಬಾಲ್ಯದಿಂದಲೇ ಗೊತ್ತಿದ್ದದ್ದು. ಮೊಮ್ಮಗಳು ತಾನಾಗಿ ಕಂಡುಕೊಂಡಳೆಂದು ಹಿಗ್ಗಿದರು. ಅಷ್ಟರಲ್ಲಿ ಅವಳದು ಮತ್ತೊಂದು ಪ್ರಶ್ನೆ: ಚಂದ್ರ ದಿನಕ್ಕೆ ಒಂದೇ ಸಲ ನೆತ್ತಿಯ ಮೇಲೆ ಬರುವಾಗ ಸಮುದ್ರ ಎರಡು ಸಲ ಏರುವುದೇಕೆ?

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ಅದ್ ನಂಗ್ ತಿಳೀದ್, ನಾಳೆ ಕೇಂಡ್ ಹೇಳ್ತೆ ಮಗಾ" ಎಂದರಂತೆ.